ಪಟ್ಟಿ ಮುಚ್ಚಿದ ಮರುದಿನ

"ಮೇಲೆ ಬರ್ತಿರೋರು ಯಾರು? ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ಟರೆ ಇಬ್ಬರ ಮಾನನೂ ಹೋಗುತ್ತೆ!"

ಸೂಯುನ್ ಬೆಚ್ಚಿ ನಿಂತಳು. ಕತ್ತಲೆ ತುಂಬಿದ ಮರದ ಮೆಟ್ಟಿಲು, ಒಬ್ಬರೇ ಹತ್ತುವಷ್ಟು ಕಿರಿದು. ಅವಳ ಎದೆಗೆ ಒತ್ತಿಕೊಂಡ ಪೆಟ್ಟಿಗೆ. ಎದುರಿಗೆ, ನಾಲ್ಕು ಮೆಟ್ಟಿಲು ಮೇಲೆ, ಒಬ್ಬ ಎತ್ತರದ ಯುವಕ. ಅವನ ಎರಡು ಕೈಯಲ್ಲೂ ಮುಚ್ಚಳ ಹಾಕಿದ ಒಂದು ಬಕೆಟ್ಟು.

ಅದರಲ್ಲೇನಿದೆ ಎಂದು ಕೇಳಬೇಕಾಗಲಿಲ್ಲ. ಕಕ್ಕಸಿಲ್ಲದ ಮನೆಯ ರಾತ್ರಿ ಬಕೆಟ್ಟೆಂದು ಮೂಗೇ ಹೇಳಿತು!

"ನೀವೇ ಹಿಂದೆ ಹೋಗಿ. ನಾನು ಎನ್‌ಶೀ ಬೆಟ್ಟದಿಂದ ಹನ್ನೆರಡು ಗಂಟೆ ಬಸ್ಸಲ್ಲಿ ಕೂತು ಬಂದಿದೀನಿ," ಎಂದಳು ಸೂಯುನ್, ಉಸಿರು ಬಿಗಿಹಿಡಿದು.

"ನಾನು ಇದನ್ನ ಹಿಡ್ಕೊಂಡು ನಿಂತಿದೀನಿ. ಯಾರಿಗೆ ಅವಸರ ಜಾಸ್ತಿ? ನೀವೇ ನ್ಯಾಯ ಹೇಳಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಹಿಂದೆ ಇಳಿದಳು. ಅವನು ದಾಟಿ ಹೋದ. ಬಾಗಿಲಲ್ಲಿ ತಿರುಗಿ ನೋಡಿ ಕಿವಿಯವರೆಗೂ ಕೆಂಪಾದ.

ಪೇ ಹಾನ್‌ಶಂಗ್ ಮತ್ತು ಸೂಯುನ್ ಭೇಟಿಯಾದದ್ದು ಹೀಗೆ. ಹೂವಿಲ್ಲ, ಬೆಳದಿಂಗಳಿಲ್ಲ. ವುಹಾನ್ ನಗರದ ಹಾನ್‌ಕೋವಿನ ಹಳೇ ಓಣಿಗಳಲ್ಲಿ ಪ್ರೀತಿಗೆ ಅಷ್ಟೆಲ್ಲ ಜಾಗ ಎಲ್ಲಿದೆ ಹೇಳಿ!

ಒಂದು ವರ್ಷ ವುಹಾನ್‌ನಲ್ಲಿದ್ದು ಬಟ್ಟೆ ಕತ್ತರಿಸುವುದನ್ನು ಕಲಿತು ಊರಿಗೆ ಮರಳಿ ಅಂಗಡಿ ಹಾಕುವುದು ಅವಳ ಲೆಕ್ಕಾಚಾರವಾಗಿತ್ತು. ಹಗಲೆಲ್ಲ ಬಟ್ಟೆ ಬೀದಿಯ ಅಂಗಡಿಯಲ್ಲಿ ಕೆಲಸ. ವಾಸ ಆ ಮನೆಯ ಅಟ್ಟದಲ್ಲಿ. ಅದರ ಕೆಳಗೆ, ಮೊದಲ ಮಹಡಿಯ ಒಂದೇ ಕೋಣೆಯಲ್ಲಿ ಹಾನ್‌ಶಂಗ್ ಮತ್ತು ಅವನ ತಾಯಿ. ತಾಯಿಗೆ ಮಂಡಿನೋವು. ಅವನಿಗೆ ನದಿ ದಾಟಿಸುವ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸ.

ಅವನು ಬೆಳಿಗ್ಗೆ ಎಳ್ಳಿನ ಗೊಜ್ಜು ಕಲಸಿದ ಬಿಸಿ ನೂಡಲ್ಸನ್ನು ಎರಡು ಬಟ್ಟಲಲ್ಲಿ ತರುತ್ತಿದ್ದ. ಒಂದನ್ನು ಮಾತಿಲ್ಲದೆ ಅಟ್ಟದ ಏಣಿಯ ಬಳಿ ಇಟ್ಟು ಹೋಗುತ್ತಿದ್ದ. ಸೆಕೆಗಾಲದಲ್ಲಿ ಓಣಿಯ ಜನರೆಲ್ಲ ಬಿದಿರಿನ ಮಂಚ ಹೊರಗೆ ಹಾಕಿಕೊಂಡು ಹರಟುವಾಗ ಅವನ ಮಂಚ ಹೇಗೋ ಅವಳ ಕಿಟಕಿಯ ಕೆಳಗೇ ಬಂದಿರುತ್ತಿತ್ತು.

'ಇವನು ಬಾಯಿಬಿಟ್ಟು ಒಂದು ಮಾತು ಹೇಳಬಾರದಾ?' ಎಂದು ಅವಳ ಜೀವ ಒದ್ದಾಡುತ್ತಿತ್ತು.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಹಾನ್‌ಶಂಗ್‌ಗೆ ಮಾತೇ ಬರುತ್ತಿರಲಿಲ್ಲ.

ಶರತ್ಕಾಲದ ಒಂದು ದಿನ ಓಣಿಯ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ 'ಕೆಡವು' ಎಂಬ ಅಕ್ಷರ ಬಿತ್ತು. ಸುತ್ತ ಒಂದು ವೃತ್ತ. ಓಣಿ ಹೋಗಿ ಅಲ್ಲಿ ನಲವತ್ತು ಮಹಡಿ ಏಳುತ್ತದಂತೆ. ಒಕ್ಕಲೆದ್ದವರಿಗೆಲ್ಲ ಬೇರೆ ಮನೆಯಂತೆ. ಮುದುಕರು ಅತ್ತರು, ಹುಡುಗರು ಕುಣಿದರು.

ಆ ಶನಿವಾರ ಹಾನ್‌ಶಂಗ್ ಅಟ್ಟದ ಏಣಿ ಹತ್ತಿ ಬಂದ. ಅದೇ ಮೊದಲ ಸಲ.

"ಸೂಯುನ್... ನಾವು ಮದುವೆ ನೋಂದಾಯಿಸಿಕೊಳ್ಳೋಣ. ಊರಿಂದ ನಿಮ್ಮ ಮನೆ ಪುಸ್ತಕ ತರಿಸು, ಅದಿಲ್ಲದೆ ನೋಂದಣಿ ಆಗಲ್ಲ. ಗುರುವಾರ ಹೋಗೋಣ."

"ಈ ಗುರುವಾರಾನಾ?"

"ಈ ಗುರುವಾರಾನೇ."

ಅವಳ ಕಣ್ಣು ತುಂಬಿತು. ಆರು ತಿಂಗಳು ಬಾಯಿ ಬಿಡದವನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟನಲ್ಲ! ಅವಳು ಅವನ ತೋಳಿನಲ್ಲಿ ಮುಖ ಹುದುಗಿಸಿ ತಲೆಯಾಡಿಸಿದಳು. ಅವನ ಎದೆ ಡವಗುಟ್ಟುತ್ತಿತ್ತು. ಅದು ಸಂತೋಷವೇ ಇರಬೇಕೆಂದು ಅವಳು ತಿಳಿದಳು.

ಬುಧವಾರ ಎನ್‌ಶೀ ಬಸ್ಸಿನಲ್ಲಿ ಪುಸ್ತಕ ಬಂತು. ಕುಟುಂಬದವರ ಹೆಸರೆಲ್ಲ ಇರುವ ಆ ಕಂದು ರಟ್ಟಿನ ಪುಸ್ತಕವನ್ನು ಅಪ್ಪ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿದ್ದ. ಅದನ್ನು ಎದೆಗೊತ್ತಿಕೊಂಡು ಬರುವಾಗ ಓಣಿಯ ನಲ್ಲಿಯ ಹತ್ತಿರ ಹೂ ಅಕ್ಕ ಸೊಪ್ಪು ತೊಳೆಯುತ್ತಿದ್ದಳು. ಆ ಓಣಿಯಲ್ಲಿ ಅವಳ ಬಾಯಿಗೆ ಬೀಳದವರಿಲ್ಲ.

"ಬಂತೇನೇ ಪುಸ್ತಕ? ಅಬ್ಬಾ, ಸರಿಯಾದ ಹೊತ್ತಿಗೆ ಬಂತು! ಶುಕ್ರವಾರ ಪಟ್ಟಿ ಮುಚ್ಚುತ್ತೆ."

"ಯಾವ ಪಟ್ಟಿ ಅಕ್ಕಾ?"

"ಅಯ್ಯೋ ನನ್ನ ಬೆಟ್ಟದ ಗಿಣಿ! ತಲೆ ಎಣಿಸಿ ತಾನೇ ಮನೆ ಕೊಡೋದು? ಪೇ ಮನೇಲಿ ಇರೋದೇ ಎರಡು ತಲೆ. ಎರಡಕ್ಕೆ ಊರಾಚೆ ಒಂದು ಕೋಣೆ, ಐದನೇ ಮಹಡಿ, ಲಿಫ್ಟಿಲ್ಲ. ಮೂರಾದರೆ ಎರಡು ಕೋಣೆ, ಲಿಫ್ಟಿರೋ ಕಟ್ಟಡ! ಈ ವಾರ ಓಣೀಲಿ ನಾಲ್ಕು ಮದುವೆ. ಆ ಎಪ್ಪತ್ತರ ಮುದುಕ ಲ್ವೋ, ಬಿಟ್ಟ ಹೆಂಡತೀನೇ ಕೈಕಾಲು ಹಿಡಿದು ಮತ್ತೆ ಕಟ್ಕೊಂಡ! ನಿನ್ನ ತಲೆಗೂ ಬೆಲೆ ಬಂತು ಬಿಡು!"

ಸೂಯುನ್‌ಗೆ ನಲ್ಲಿಯ ನೀರು ಬೀಳುವ ಸದ್ದೂ ಕೇಳಿಸಲಿಲ್ಲ.

'ತಲೆ... ನಾನು ಬರೀ ಒಂದು ತಲೆಯಾ?'

ಸಂಜೆ ಅವನು ಬಂದಾಗ ಬಾಗಿಲಲ್ಲೇ ತಡೆದಳು.

"ಶುಕ್ರವಾರ ಪಟ್ಟಿ ಮುಚ್ಚುತ್ತೆ ಅಂತ ನಿನಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "...ಗೊತ್ತಿತ್ತು."

"ಅದಕ್ಕೇ ಈ ಗುರುವಾರ?"

"ಅಮ್ಮ ಕೇಳಿಕೊಂಡಳು... ಅವಳ ಮಂಡಿ..."

"ಸೆಕೆಗಾಲದಲ್ಲಿ ಯಾಕೆ ಕೇಳಲಿಲ್ಲ ಹಾನ್‌ಶಂಗ್? ದಿನಾ ನನ್ನ ಕಿಟಕಿ ಕೆಳಗೆ ಮಲಗಿದ್ದೆಯಲ್ಲ, ಆಗ ಯಾಕೆ ಕೇಳಲಿಲ್ಲ? ಹೇಳು! ಸುಳ್ಳಾದರೂ ಪರವಾಗಿಲ್ಲ, ಒಂದು ಮಾತು ಹೇಳು!"

ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಒಳಗಿನಿಂದ ತಾಯಿಯ ದನಿ ಬಂತು: "ಯಾರ ಜೊತೆನೋ ಜಗಳ? ನಾಳೆ ಬೇಗ ಏಳಬೇಕು, ನೆನಪಿರಲಿ!"

ಆ ಮಾತು ಗಾಯದ ಮೇಲೆ ಬರೆ ಎಳೆದಂತಾಯಿತು. ಅವಳು ಅಂದೇ ಪೆಟ್ಟಿಗೆ ಕಟ್ಟಿದಳು.

ಎರಡು ದಿನ ಅಂಗಡಿಯಲ್ಲೇ ಬಟ್ಟೆ ಸುರುಳಿಗಳ ಮೇಲೆ ಮಲಗಿದಳು. ಹೋದದ್ದು ಸಿಟ್ಟಿನಲ್ಲಿ, ನಿಜ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಕಾಯುತ್ತಿತ್ತು. 'ಬರುತ್ತಾನೆ. ಇಂದು ಬಂದೇ ಬರುತ್ತಾನೆ. ಪಟ್ಟಿ ಹಾಳಾಗಲಿ, ನೀನು ಬೇಕು ಅನ್ನುತ್ತಾನೆ...'

ಗುರುವಾರ ಬರಲಿಲ್ಲ.

ಶುಕ್ರವಾರ ಬಾಗಿಲ ಸದ್ದಾದಾಗಲೆಲ್ಲ ಕತ್ತೆತ್ತಿ ನೋಡಿದಳು. ಬರಲಿಲ್ಲ. ಸಂಜೆ ಐದಕ್ಕೆ ಕಚೇರಿ ಮುಚ್ಚಿತು, ಪಟ್ಟಿಯೂ ಮುಚ್ಚಿತು. ತಲೆ ಸಿಗಲಿಲ್ಲ, ಮರೆತುಬಿಟ್ಟ! ಇನ್ನು ಸಂಶಯವೇನು?

ಕತ್ತರಿ ಕೆಳಗಿಟ್ಟು, ಯಾರಿಗೂ ವಿಳಾಸ ಕೊಡದೆ, ಸೇತುವೆ ಮೇಲಿನ ಬಸ್ಸು ಹತ್ತಿ ಆಚೆ ದಡದ ವೂಚಾಂಗ್‌ಗೆ ಹೋದಳು. ಬಸ್ಸಿನ ಕಿಟಕಿಯಿಂದ ಫೋನಿನ ಸಿಮ್ಮನ್ನು ನದಿಗೆ ಎಸೆದಳು.

ಊರಿಗೆ ಹೋಗುವಂತಿರಲಿಲ್ಲ. ಮಗಳ ಮದುವೆಯೆಂದು ಅಮ್ಮ ಆಗಲೇ ಬೀದಿಗೆಲ್ಲ ಸಿಹಿ ಹಂಚಿದ್ದಳು. ಮನೆ ಪುಸ್ತಕವನ್ನು ಅಂಚೆಯಲ್ಲಿ ವಾಪಸ್ ಕಳಿಸಿದಳು, ಒಂದು ಚೀಟಿಯನ್ನೂ ಇಡದೆ.

ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ದಿನಕ್ಕೆ ನಾನೂರು ಕಾಲರು ಹೊಲಿಯಬೇಕು. ಎಂಟು ಹುಡುಗಿಯರು ಮಲಗುವ ಕೋಣೆಯಲ್ಲಿ ಮೇಲಿನ ಮಂಚ. ಯಾರಾದರೂ "ನಿನ್ನ ಹುಡುಗ ಯಾರೇ?" ಎಂದರೆ "ಇಲ್ಲ" ಎನ್ನುವಳು. ಕಣ್ಣೀರೂ ಬತ್ತಿತು. ಒಂದು ಕೋಟಿ ಜನರ ಊರಿನಲ್ಲಿ ತನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲವೆಂದು ಅವಳಿಗೆ ಒಂದು ಭಾನುವಾರ ಥಟ್ಟನೆ ಹೊಳೆಯಿತು. ಆ ದಿನ ಅವಳು ಊಟ ಮಾಡಲಿಲ್ಲ.

ಹೀಗೆ ವರ್ಷ ಕಳೆಯಿತು.

ಒಂದು ಬೆಳಿಗ್ಗೆ ತರಕಾರಿ ಸಂತೆಯಲ್ಲಿ ಯಾರೋ ಅವಳ ತೋಳು ಹಿಡಿದು ಎಳೆದರು.

"ಬೆಟ್ಟದ ಗಿಣಿ! ಬದುಕಿದೀಯಾ?"

ಹೂ ಅಕ್ಕ! ಅವಳಿಗೆ ವೂಚಾಂಗ್‌ನಲ್ಲೇ ಮನೆ ಸಿಕ್ಕಿತ್ತು. ಸೂಯುನ್ ಕೈ ಬಿಡಿಸಿಕೊಂಡು ಹೊರಟಳು. ಹೂ ಅಕ್ಕ ಬಿಡುವವಳೇ?

"ನಿಲ್ಲೇ! ಪೇ ಹುಡುಗನ ಕಥೆ ಕೇಳಿದೆಯಾ? ಆ ಗುರುವಾರ ಅವರಮ್ಮ ದೂರದ ಸಂಬಂಧದ ಹುಡುಗಿ ಒಬ್ಬಳನ್ನ ಕರೆಸಿದಳು. ಬರೀ ಕಾಗದದ ಮದುವೆ, ಆರು ತಿಂಗಳಿಗೆ ಬಿಡುಗಡೆ. ಓಣಿಗೆ ಓಣಿಯೇ ಮಾಡಿದ್ದು ಅದನ್ನೇ. ಇವನು ಆಗಲ್ಲ ಅಂದುಬಿಟ್ಟ! ಅಮ್ಮ ಎದೆ ಬಡ್ಕೊಂಡು ಅತ್ತಳು. ಕಲ್ಲಿನ ಹಾಗೆ ಕೂತಿದ್ದ ಕಣೇ. ಶನಿವಾರ ಬೆಳಿಗ್ಗೆ ಎದ್ದವನೇ ನಿನ್ನ ಅಂಗಡಿಗೆ ಓಡಿದ. ನೀನೆಲ್ಲಿದ್ದೆ?"

"ಶನಿವಾರ..." ಹೊರಟಿದ್ದ ಸೂಯುನ್ ತಿರುಗಿ ನಿಂತಳು.

"ಹೂಂ, ಶನಿವಾರ. ಪಟ್ಟಿ ಮುಚ್ಚಿದ ಮಾರನೇ ದಿನ. ಅಷ್ಟು ಪೆದ್ದನನ್ನ ನಾನು ಹುಟ್ಟಿ ಕಂಡಿಲ್ಲ!"

ಸೂಯುನ್ ಅವಳಿಂದ ಪೇ ಮನೆಯ ವಿಳಾಸ ಕೇಳಿಕೊಂಡು, ತರಕಾರಿ ಚೀಲವನ್ನು ಅಲ್ಲೇ ಬಿಟ್ಟು ಬಸ್ಸಿಗೆ ಓಡಿದಳು.

ಊರಾಚೆ, ಬಸ್ಸಿನ ಕೊನೇ ನಿಲ್ದಾಣ. ಒಂದೇ ಅಚ್ಚಿನ ಬಿಳೀ ಕಟ್ಟಡಗಳು. ಐದು ಮಹಡಿ ಹತ್ತಿ ಬಾಗಿಲು ಬಡಿದಾಗ ತೆರೆದವಳು ತಾಯಿ, ಗೋಡೆ ಹಿಡಿದುಕೊಂಡು. ವರ್ಷದಲ್ಲಿ ಹತ್ತು ವರ್ಷ ಮುಪ್ಪಾಗಿದ್ದಳು.

"ಅಮ್ಮಾ..."

"ಈಗ ಬಂದೆಯಾ? ಈಗ!" ತಾಯಿ ಕಿಟಕಿಯತ್ತ ಕೈ ತೋರಿದಳು. "ನಾನು ಕೆಳಗಿಳಿದು ಹನ್ನೊಂದು ತಿಂಗಳಾಯ್ತು. ಈ ಕಿಟಕೀಲಿ ಕಾಣೋದು ಎದುರು ಮನೆ ಕಿಟಕಿ ಒಂದೇ. ನೀನೊಬ್ಬಳು ಆ ಒಂದು ದಿನ ನಿಂತಿದ್ದರೆ..."

ಸೂಯುನ್ ಅಲ್ಲೇ ಕುಸಿದು ಆ ಊದಿದ ಮಂಡಿಗಳನ್ನು ತಬ್ಬಿಕೊಂಡು ಅತ್ತಳು. ಮುದುಕಿ ಅವಳನ್ನು ದೂಡಲಿಲ್ಲ, ಎತ್ತಲೂ ಇಲ್ಲ. ಬಹಳ ಹೊತ್ತಿನ ಮೇಲೆ, "ಒಲೆ ಮೇಲೆ ತಾವರೆ ಬೇರಿನ ಸಾರಿದೆ, ಹಾಕ್ಕೊಂಡು ಕುಡಿ. ಕಡ್ಡಿಯಾಗಿದೀಯ," ಎಂದು ಗೊಣಗಿ ಕೋಣೆಯ ನಡುವಿನ ಪರದೆಯ ಆಚೆ ಹೋದಳು.

ಹಾನ್‌ಶಂಗ್ ಮಧ್ಯಾಹ್ನ ಕೆಲಸ ಮುಗಿಸಿ ಬಂದ. ಅವಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಕೈಯಲ್ಲಿದ್ದ ಔಷಧಿ ಪೊಟ್ಟಣ ಜಾರಿ ಬಿತ್ತು.

"ಶುಕ್ರವಾರ ಯಾಕೆ ಬರಲಿಲ್ಲ?" ಅವಳ ಬಾಯಿಂದ ಬಂದ ಮೊದಲ ಮಾತು ಅದೇ. "ಬಾಗಿಲು ನೋಡ್ತಾ ಕೂತಿದ್ದೆ ನಾನು!"

"ಶುಕ್ರವಾರ ಬಂದಿದ್ದರೆ ನೀನು ನಂಬ್ತಿದ್ದೆಯಾ?"

ಅವಳು ಬಗ್ಗಿ, ಬಿದ್ದ ಪೊಟ್ಟಣವನ್ನು ಎತ್ತಿಟ್ಟಳು.

"ಅಮ್ಮನಿಗಾಗಿ ಅವಸರ ಮಾಡಿದ್ದು ನಿಜ," ಎಂದ ಅವನು, ಒಂದೊಂದು ಮಾತನ್ನೂ ಹುಡುಕಿ ಹುಡುಕಿ. "ನೀನು ಬೇಕು ಅನ್ನಿಸಿದ್ದೂ ನಿಜ. ಎರಡೂ ಕಲಸಿಹೋಗಿತ್ತು ಸೂಯುನ್, ಬಿಡಿಸಿ ಹೇಳೋಕೆ ನನಗೆ ಬರಲಿಲ್ಲ. ಪಟ್ಟಿ ಮುಚ್ಚಲಿ, ನಿನ್ನಿಂದ ನನಗೆ ಏನೂ ಸಿಗದ ದಿನ ಬರಲಿ, ಆಗ ಹೋಗಿ ಕೇಳ್ತೀನಿ ಅಂದ್ಕೊಂಡೆ. ಒಂದೇ ದಿನ ತಾನೇ ಅಂದ್ಕೊಂಡೆ..."

ಅವನ ದನಿ ಒಡೆಯಿತು.

"ಒಂದು ವರ್ಷ ಆಯ್ತು," ಎಂದಳು ಅವಳು.

"ನೀನು ಸೇತುವೆ ಬಸ್ಸು ಹತ್ತಿದೆ ಅಂತ ಅಂಗಡಿಯವರು ಹೇಳಿದ್ರು. ವೂಚಾಂಗ್‌ನ ಕಾರ್ಖಾನೆಗಳ ಗೇಟಲ್ಲೆಲ್ಲ ನಿಂತೆ. ಅಮ್ಮನ ಮಂಡಿ ಹೋಯ್ತು. ಓಣಿ ಹೋಯ್ತು. ಇವತ್ತು ನಿನ್ನ ಕೂರಿಸೋಕೆ ಒಂದು ಕುರ್ಚಿ ಜಾಗನೂ ಇಲ್ಲ ನೋಡು."

"ಜಾಗ ಕೇಳಿದ್ನಾ ನಾನು?"

ಪರದೆಯ ಆಚೆಯಿಂದ ತಾಯಿಯ ದನಿ ಬಂತು: "ಮಾತಾಡೋ ಮಗನೇ! ಈಗಲೂ ಬಾಯಿ ಮುಚ್ಕೊಂಡು ನಿಂತರೆ ನಾನೇ ಎದ್ದು ಬಂದು ಕೇಳ್ತೀನಿ!"

ಹಾನ್‌ಶಂಗ್ ಅವಳ ಸೂಜಿ ಚುಚ್ಚಿದ ಬೆರಳುಗಳನ್ನು ಹಿಡಿದುಕೊಂಡ.

"ನನ್ನನ್ನ ಮದುವೆ ಆಗ್ತೀಯಾ, ಸೂಯುನ್?"

"ಯಾವತ್ತೊಳಗೆ ಹೇಳಬೇಕು?"

"ಯಾವತ್ತಾದರೂ... ಹತ್ತು ವರ್ಷ ಬಿಟ್ಟು ಹೇಳಿದರೂ ಸರಿ."

ಅವಳು ಅಳುತ್ತಲೇ ಅವನ ಭುಜಕ್ಕೆ ಹಣೆ ಒತ್ತಿದಳು.

"ಅಷ್ಟು ದಿನ ಕಾಯೋಕೆ ನನ್ನ ಕೈಯಲ್ಲಿ ಆಗಲ್ಲ. ಈಗಲೇ ಹೇಳ್ತೀನಿ, ಕೇಳಿಸಿಕೋ."