ನಗು ಮುಗಿಯಲಿ ಎಂದು ಕಾದವನು

"ಏಯ್ ಪ್ರಮೋದ್, ಮತ್ತೆ ಯಾಕೋ ನಿಂತ್ಕೊಂಡೆ? ಡೈಲಾಗ್ ಮರೆತ್ಹೋಯ್ತಾ?" ಎಂದು ಕೂಗಿದೆ.

"ಮರೆತಿಲ್ಲ ಅಣ್ಣ. ಅವರು ನಗ್ತಿದಾರಲ್ಲ, ಮುಗೀಲಿ ಅಂತ ಕಾಯ್ತಿದೀನಿ."

"ಯಾರೋ ನಗ್ತಿರೋದು, ನಿಮ್ಮಪ್ಪನಾ? ಎಲ್ಲಾ ಖಾಲಿ ಕುರ್ಚಿ ಕಣೋ."

ಬನಶಂಕರಿಯ ಬಾಡಿಗೆ ಸಭಾಂಗಣದಲ್ಲಿ ಮಧ್ಯಾಹ್ನ ನಮ್ಮ ಕೊನೆಯ ತಾಲೀಮು ನಡೆದಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಡಗು ಹತ್ತಿ ಬಂದ ಬಿಳಿಯರ ನಾಟಕ ಕಂಪನಿಗಳು ಬೆಂಗಳೂರು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಆಡುತ್ತಿದ್ದ ಏಕಾಂಕ ಪ್ರಹಸನವೊಂದನ್ನು ನಾನು ಹಟ ಹಿಡಿದು ಕನ್ನಡಕ್ಕೆ ತರಿಸಿದ್ದೆ. ಮರುದಿನವೇ ಪ್ರದರ್ಶನ. ಅದು ಕೆಟ್ಟರೆ ನಮ್ಮ ತಂಡದ ಕಥೆ ಮುಗಿದಂತೆ.

ಪ್ರಮೋದ್ ನಿಲ್ಲುತ್ತಿದ್ದದ್ದು ನಮ್ಮ ಕನ್ನಡದ ತಮಾಷೆಗಳಿಗಲ್ಲ. ಮೂಲ ಇಂಗ್ಲಿಷಿನಲ್ಲಿದ್ದು, ಕನ್ನಡಕ್ಕೆ ತರುವಾಗ ನಾವು ಕೈಬಿಟ್ಟ ತಮಾಷೆಗಳ ಜಾಗದಲ್ಲಿ. ಆ ಇಂಗ್ಲಿಷ್ ನಾಟಕವನ್ನು ಅವನು ಕಣ್ಣಲ್ಲೂ ನೋಡಿರಲಿಲ್ಲ. ಏಪ್ರಿಲ್ ಸೆಕೆಯಲ್ಲೂ ಮುಂದಿನ ಸಾಲಿನ ಖಾಲಿ ಕುರ್ಚಿಗಳ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಜೊತೆಗೆ ಚುರುಟಿನ ವಾಸನೆ. ನನಗೆ ಇನ್ನಷ್ಟು ಸಿಟ್ಟು ಬಂತು.

"ನಿಲ್ಲಿಸದೆ ಮಾತಾಡ್ತೀಯೋ, ಆಚೆಗೆ ಹೋಗ್ತೀಯೋ?"

"ಅಷ್ಟು ಜನ ನಗ್ತಿರುವಾಗ ಬಾಯಿ ಹಾಕೋಕೆ ನನ್ ಕೈಲಾಗಲ್ಲ. ನೀವೇ ಆಡ್ಕೊಳ್ಳಿ" ಎಂದು ಪ್ರಮೋದ್ ರಂಗದ ಹಿಂದಿದ್ದ ಬಾಗಿಲು ತೆಗೆದು ಹೊರಟುಹೋದ, ಹಿಂದೆಯೇ ಅದನ್ನು ರಪ್ಪನೆ ಹಾಕಿಕೊಂಡ.

ಅದು ಗೋಡೆಗೆ ಆನಿಸಿ ನಾನೇ ಮೊಳೆ ಹೊಡೆದಿದ್ದ ಸೆಟ್ಟಿನ ಬಾಗಿಲು; ತೆಗೆದರೆ ಹಿಂದೆ ಬರೀ ಗೋಡೆ. ಪ್ರಮೋದ್ ಇವತ್ತಿನವರೆಗೂ ವಾಪಸ್ ಬಂದಿಲ್ಲ.