ಜೆನ್ ಝೀ ಮೂಲೆಯ ಸುಮಯ್ಯಾ

ಗೋವಾದ ಕಲಂಗುಟ್‌ನ ಹೋಟೆಲಿನಲ್ಲಿ ಅವತ್ತು ಟ್ರೇನಿಂಗ್. ಮುಂಬೈಯಿಂದ ಬಂದ ಮೇಡಂ ಹಾಲ್‌ನ ನಾಲ್ಕು ಮೂಲೆಗೆ ನಾಲ್ಕು ಚೀಟಿ ಅಂಟಿಸಿದ್ದಳು: ಬೂಮರ್, ಜೆನ್ ಎಕ್ಸ್, ಮಿಲೇನಿಯಲ್, ಜೆನ್ ಝೀ. ಹುಟ್ಟಿದ ವರ್ಷ ನೋಡಿಕೊಂಡು ಎಲ್ಲರೂ ನಿಲ್ಲಬೇಕು. ೧೯೯೭ರಿಂದ ಈಚೆಗೆ ಹುಟ್ಟಿದವರು ಜೆನ್ ಝೀ, ಅದಕ್ಕೆ ಸ್ವಲ್ಪ ಮುಂಚಿನವರು ಮಿಲೇನಿಯಲ್.

ಲಾಂಡ್ರಿಯ ಸುಮಯ್ಯಾಳ ಆಧಾರ್ ಕಾರ್ಡಿನಲ್ಲಿ ೧೯೯೭ ಅಂತ ಇತ್ತು. ರಿಸೆಪ್ಶನ್ನಿನ ಎಳೆಯ ಹುಡುಗಿಯರ ನಡುವೆ ಹೋಗಿ ನಿಂತಳು. ಅವರು ಕಿಸಕ್ಕನೆ ನಕ್ಕರು. ಅವಳಿಗೆ ಏನೂ ಅನಿಸಲಿಲ್ಲ. ಮೂರು ವರ್ಷದ ಹಿಂದೆ ಕೆಪೆ ಊರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಗಂಡ ಸತ್ತಾಗಿನಿಂದ ಅವಳಿಗೆ ಹೀಗೇ. ಇಸ್ತ್ರಿಪೆಟ್ಟಿಗೆ ತಾಗಿದರೂ ಗುಳ್ಳೆ ಎದ್ದ ಮೇಲೆಯೇ ಗೊತ್ತಾಗುತ್ತಿತ್ತು.

ಮಿಲೇನಿಯಲ್ ಮೂಲೆಯಿಂದ ಡ್ರೈವರ್ ಇಲಿಯಾಸ ಅವಳತ್ತ ನೋಡಿ ಒಂದೇ ಹುಬ್ಬು ಏರಿಸಿದ. ಅಲ್ಲಿಗೆ ಹೇಗೆ ಹೋದಿರಿ ಅನ್ನುವ ಹಾಗೆ. ಅವಳು ಕಣ್ಣು ತಗ್ಗಿಸಿದಳು.

ಪೀಳಿಗೆಗಳಿಗೆ ಈ ಹೆಸರು ಇಟ್ಟವರು ಯಾರೆಂದು ಅವನೇ ಹಿಂದಿಯಲ್ಲಿ ಕೇಳಿದ. ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಒಮ್ಮೆಲೇ ಮಕ್ಕಳು ಹೆಚ್ಚಾದರು, ಅವರಿಗೆ ಬೂಮರ್ ಅಂದರು, ಉಳಿದ ಹೆಸರುಗಳನ್ನು ಪತ್ರಿಕೆಯವರೂ ಸಾಮಾನು ಮಾರುವವರೂ ಬಳಸಿ ಬಳಸಿ ಬೆಳೆಸಿದರು ಎಂದಳು ಮೇಡಂ. ಯಾರಿಗೆ ಹೇಗೆ ಹೇಳಿದರೆ ತಿಳಿಯುತ್ತದೆ ಅನ್ನುವುದಕ್ಕೆ ಉಪಯೋಗವಂತೆ. ರಿಸೆಪ್ಶನ್ ಹುಡುಗಿಯರು ಫೋನ್ ಎತ್ತದೆ ಮೆಸೇಜಿಗೆ ಮಾತ್ರ ಉತ್ತರಿಸುವುದು ಯಾಕೆಂದು ಮ್ಯಾನೇಜರಿಗೆ ಅವತ್ತು ಹೊಳೆಯಿತು.

ಊಟದ ಹೊತ್ತಿಗೆ ಇಲಿಯಾಸ ಬಟ್ಟೆಗಂಟು ಒಯ್ಯಲು ಲಾಂಡ್ರಿಗೆ ಬಂದ.

“ಖರೇನ ತೊಂಬತ್ತೇಳರಾಗ ಹುಟ್ಟೀರೇನ್ರಿ?”

“ಸಾಲಿ ಮಾಸ್ತರ ಬರ್ದದ್ದದು. ಜನವರಿ ಒಂದು. ನಮ್ಮವ್ವ ಹೇಳೂ ಪ್ರಕಾರ ಎರಡು ವರ್ಷ ದೊಡ್ಡಾಕಿ.”

“ಹಂಗಾದ್ರ ನೀವು ನಮ್ಮ ಮೂಲ್ಯಾಗಿನವ್ರು!” ಅವನ ಕೆನ್ನೆಯಲ್ಲಿ ಗುಳಿ ಬಿತ್ತು.

“ಯಾವ ಮೂಲ್ಯಾಗ ನಿಂತ್ರೇನ್ರಿ? ಓಣ್ಯಾಗ ನಾನು ಬೇವಾ, ಗಂಡ ಸತ್ತಾಕಿ. ಇಲ್ಲಿ ಮಂದಿಗೆ ಘಾಟಿ, ಘಟ್ಟದ ಆಚಿಂದ ಬಂದಾಕಿ. ಆ ಹೆಸರಿಗೆ ಯಾರೂ ವರ್ಷ ಕೇಳಂಗಿಲ್ಲ.”

ಅವನ ನಗು ನಿಂತಿತು. ಹೊಸಿಲಲ್ಲೇ ನಿಂತು ಬೆರಳಿಗೆ ಕೀಲಿಕೈ ಸುತ್ತಿಕೊಂಡ.

“ನಿನ್ನಿ ನಿಮ್ಮ ಅತ್ತಿ ಖಾತುನಬೀ ಅವ್ರ ಕಡಿ ಹೋಗಿದ್ದೆ. ನಿಕಾಹದ ಮಾತು ತಗದೆ. ‘ಆಕೀ ಜೀವನ, ಆಕೀನ್ನ ಕೇಳಪಾ’ ಅಂದ್ರು. ಕೇಳಾಕ ಬಂದೇನ್ರಿ, ಸುಮಯ್ಯಾ.”

ಇಷ್ಟು ದಿನ ಅವನು ಅವಳ ಹೆಸರು ಹಿಡಿದು ಕರೆದಿರಲಿಲ್ಲ. ಸುಮಯ್ಯಾ ಬೆಡ್‌ಶೀಟ್ ಮಡಚುತ್ತ ತನ್ನೊಳಗೆ ಹುಡುಕಿದಳು. ಸಂತೋಷವಿರಲಿಲ್ಲ, ಹೆದರಿಕೆಯೂ ಇರಲಿಲ್ಲ.

“ನನಗ ಏನೂ ಅನ್ನಸವಲ್ದ್ರಿ. ಸುಳ್ಳ ಹೇಳಾಕ ಬರಂಗಿಲ್ಲ.”

“ಬ್ಯಾಡ್ರಿ. ಸುಳ್ಳ ಹೇಳೂದು ಬ್ಯಾಡ.” ಅವನು ಗಂಟು ಹೆಗಲಿಗೇರಿಸಿ ತಿರುಗಿದ.

“ಹೋದ ಶುಕ್ರವಾರ ನೀವು ಬರ್ಲಿಲ್ಲ,” ಅಂದಳು ಅವಳು.

“ಗೆಸ್ಟ್‌ನ ಬಿಡಾಕ ಕಾಣಕೋಣಕ್ಕ ಹೋಗಿದ್ದೆ.”

“ಗಾಡಿ ಸಪ್ಪಳಾದಾಗೆಲ್ಲ ಹೊರಗ ಬಂದು ನೋಡ್ದೆ. ನಾಕ ಸಲ. ಇದಕ್ಕ ಏನಂತಾರೋ ನನಗ ಗೊತ್ತಿಲ್ರಿ.”

ಇಲಿಯಾಸ ಗಂಟನ್ನು ಮೆಲ್ಲಗೆ ಕೆಳಗಿಟ್ಟ.

“ಹೆಸರು ಆಮ್ಯಾಲ ಇಟ್ರಾತು ಬಿಡ್ರಿ.”

ಅವಳು ಇನ್ನೊಂದು ಬೆಡ್‌ಶೀಟ್ ಎತ್ತಿ ಅದರ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು.

“ಅತ್ತಿಯವ್ರಿಗೆ ನಾನ ಹೇಳ್ತೇನಿ,” ಅಂದಳು. “ನೀವು ಗಟ್ಟಿ ಹಿಡೀರಿ, ಇಲ್ಲಂದ್ರ ಸುಕ್ಕ ಬೀಳ್ತದ.”