ಸೇವ್ ಆಗದ ಹೆಸರು

ಬಹಳ ಬಹಳ ಕಾಲದ ಹಿಂದೆ, ಮಿಂಚನ್ನೇ ಉಂಡು ಮಿಂಚನ್ನೇ ಉಸಿರಾಡುವ ಒಂದು ರಾಜ್ಯವಿತ್ತು. ಅದರ ಹೆಸರು ಗಣಕಾವತಿ. ಅದನ್ನು ಆಳುತ್ತಿದ್ದವನು ಸಿಪಿಯು ಮಹಾರಾಜ. ನೀವು ರೆಪ್ಪೆ ಬಡಿಯುವಷ್ಟರಲ್ಲಿ ಅವನು ಕೋಟಿ ಲೆಕ್ಕ ಮಾಡಿ ಮುಗಿಸುತ್ತಿದ್ದ. ಆದರೆ ಅಷ್ಟು ದೊಡ್ಡ ರಾಜನಿಗೆ ತಿಳಿಯುತ್ತಿದ್ದ ಮಾತು ಎರಡೇ ಎರಡು: ಹೌದು ಎನ್ನಲು ಒಂದು, ಅಲ್ಲ ಎನ್ನಲು ಸೊನ್ನೆ. ಲೆಕ್ಕ ಮಾಡಿ ಮಾಡಿ ತಲೆ ಕಾಯದಿರಲೆಂದು ಫ್ಯಾನ್ ಎಂಬ ದೂತ ಸಿಂಹಾಸನದ ಹಿಂದೆ ನಿಂತು ಸದಾ ಗಾಳಿ ಹಾಕುತ್ತಿದ್ದ.

ರಾಣಿಯ ಹೆಸರು ರ‍್ಯಾಮ್. ಯಾರು ಏನು ಹೇಳಿದರೂ ಆಕೆ ತಕ್ಷಣ ಮಡಿಲಲ್ಲಿ ತುಂಬಿಕೊಳ್ಳುತ್ತಿದ್ದಳು, ಕೇಳಿದ ಕೂಡಲೇ ಎತ್ತಿ ಕೊಡುತ್ತಿದ್ದಳು. ಆದರೆ ಮಿಂಚು ನಿಂತರೆ ಮಡಿಲು ಬರಿದು. ಆಗ ಅವಳಿಗೆ ಗಂಡನ ಮುಖವೂ ನೆನಪಿರುತ್ತಿರಲಿಲ್ಲ. ಅದಕ್ಕಾಗಿಯೇ ನೆಲಮಾಳಿಗೆಯಲ್ಲಿ ಹಾರ್ಡ್ ಡಿಸ್ಕ್ ಎಂಬ ಮುದಿ ಭಂಡಾರಿ ಇದ್ದ. ಅವನು ಮಹಾ ನಿಧಾನಿ. ಗಿರಗಿರ ತಿರುಗುವ ತಟ್ಟೆಯ ಮೇಲೆ ಅವನು ಬರೆದದ್ದು ಮಾತ್ರ ಮಿಂಚು ಹೋದರೂ ಅಳಿಯುತ್ತಿರಲಿಲ್ಲ. ರಾಣಿಯ ಮಡಿಲಲ್ಲಿದ್ದುದನ್ನು ಭಂಡಾರಿಯ ತಟ್ಟೆಗೆ ಸೇರಿಸುವುದಕ್ಕೆ ಆ ನಾಡಿನವರು ಸೇವ್ ಎನ್ನುತ್ತಿದ್ದರು.

ಕೋಟೆಯ ನಡುವೆ ಮುಗಿಲಿಗೆ ತಾಗುವ ಗಾಜಿನ ಗೋಡೆಯೊಂದಿತ್ತು. ಅದು ಮಾನಿಟರ್. ರಾಣಿಯ ಮಡಿಲಿಗೆ ಬಿದ್ದದ್ದು ಅದರ ಮೇಲೆ ಬೆಳಕಿನ ಅಕ್ಷರಗಳಾಗಿ ಮೂಡುತ್ತಿತ್ತು. ದಿನವೂ ನೋಡಿದವರು ಕೂಡ ದಿನವೂ ಬಾಯಿ ತೆರೆದು ನಿಲ್ಲುತ್ತಿದ್ದರು. ಅಷ್ಟು ಚೆಂದ.

ಆ ಊರಿನ ದ್ಯಾಮಣ್ಣನಿಗೆ ಬಹಳ ಹರಕೆ ಹೊತ್ತ ಮೇಲೆ ಒಂದು ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ದಿನ ಬಂತು. ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ, ಅಂದರೆ ದ್ಯಾಮಣ್ಣನ ತಂಗಿ ನಿಂಬವ್ವ. ಅವಳು ಬಗ್ಗಿ, "ಕುರ್ರ್, ಚಿಗುರಿ" ಎಂದಳು. ತೊಟ್ಟಿಲಿಗೆ ಕಟ್ಟಿದ್ದ ಮೈಕ್ ಅದನ್ನು ಕೇಳಿಸಿಕೊಂಡಿತು, ಗಾಜಿನ ಗೋಡೆಯ ಮೇಲೆ ಚಿಗುರಿ ಎಂಬ ಹೆಸರು ಹೊಳೆಯಿತು. ಹೆಸರು ಕರೆದ ಅತ್ತೆಯ ಬೆನ್ನಿಗೆ ಗುದ್ದುವುದು ಹೆಂಗಸರ ಪದ್ಧತಿ ನೋಡಿ, ಎಲ್ಲರೂ ಮುಷ್ಟಿ ಎತ್ತಿದರು. ನಿಂಬವ್ವ ನಗುತ್ತಾ ಬೇಯಿಸಿದ ಕಾಳಿನ ಗುಗ್ಗರಿಯ ಬುಟ್ಟಿ ಎತ್ತಿಕೊಂಡು ಕೋಟೆಯಾಚೆಯ ಕುರಿಗಾಹಿಗಳಿಗೆ ಹಂಚಲು ಓಡಿಬಿಟ್ಟಳು. ಸೋದರತ್ತೆ ಮಾಡಬೇಕಾದ ಇನ್ನೊಂದು ಕೆಲಸವಿತ್ತು: ಅರಮನೆಯೊಳಗಿನ ಅಕ್ಷರದ ಅಂಗಳಕ್ಕೆ ಹೋಗಿ ಹೆಸರನ್ನು ಸೇವ್ ಮಾಡುವುದು. ಗೋಡೆಯ ಮೇಲೆ ಹೆಸರು ಹೊಳೆಯುತ್ತಿದೆಯಲ್ಲ, ಇನ್ನೇನು ಅವಸರ ಎಂದುಕೊಂಡಳು. ಕಣ್ಣಿಗೆ ಕಂಡದ್ದೆಲ್ಲ ಕೈಗೆ ದಕ್ಕಿತು ಎಂದು ತಿಳಿಯುವುದು ಗಣಕಾವತಿಯವರ ಹಳೆಯ ರೋಗ.

ಅದೇ ಹೊತ್ತಿಗೆ ತೊಟ್ಟಿಲಿಗೆ ಉಡುಗೊರೆಯೊಂದು ಬಂತು. ಹೆಬ್ಬೆರಳಿನಷ್ಟು ಉದ್ದದ, ಪೆನ್ ಡ್ರೈವ್ ಎಂಬ ಡಬ್ಬಿ. ಬಂದ ಡಬ್ಬಿಯನ್ನೆಲ್ಲ ಮೂಸಿ ನೋಡಿ ಒಳಗೆ ಬಿಡಬೇಕಾದ ದ್ವಾರಪಾಲಕ ಆಂಟಿವೈರಸ್ ಹೋಳಿಗೆ ಊಟಕ್ಕೆ ಕೂತಿದ್ದ. ಡಬ್ಬಿ ತೆರೆಯಿತು. ಒಳಗಿಂದ ವೈರಸ್ ಎಂಬ ಮಾಂತ್ರಿಕ ಹೊಗೆಯಂತೆ ಎದ್ದು ನಿಂತ.

ನಿಂಬವ್ವ ಮರಳಿ ಬಂದಾಗ ಊರು ಹ್ಯಾಂಗ್ ಆಗಿತ್ತು, ಕೋಟೆಯಾಚೆ ಇದ್ದುದರಿಂದ ಅವಳು ಮಾತ್ರ ಪಾರಾಗಿದ್ದಳು. ಹೆಂಗಸರ ಮುಷ್ಟಿಗಳು ಗಾಳಿಯಲ್ಲೇ ನಿಂತಿದ್ದವು. ಅತ್ತಿಗೆ ಹೊಳೆವ್ವ ತೊಟ್ಟಿಲಿಗೆ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು. ಕೂಸು ಅಳಲೆಂದು ಬಾಯಿ ತೆರೆದಿತ್ತು, ದನಿ ಬಂದಿರಲಿಲ್ಲ.

ಕೋಟೆಯ ಹೊರಗೋಡೆಯಿಂದ "ಕೀಂ, ಕೀಂ" ಎಂಬ ದನಿ ಬಂತು. ಅಲ್ಲಿ ಯುಪಿಎಸ್ ಎಂಬ ಕುಳ್ಳ ಕಾವಲುಗಾರ ಕೂತಿದ್ದ. ಅವನ ಹೊಟ್ಟೆಯಲ್ಲಿ ಆಪತ್ಕಾಲಕ್ಕೆಂದು ತುಂಬಿಟ್ಟ ಮಿಂಚಿತ್ತು.

"ಏನಾಗೇತಿ ಮಾಮಾ?" ಎಂದಳು ನಿಂಬವ್ವ.

"ವೈರಸ್ ಒಳಗ ಹೊಕ್ಕಾನವ್ವ. ಮಿಂಚಿನ ಹಗ್ಗಾನೂ ಕಿತ್ತು ಒಗದಾನ. ಈಗ ಊರು ನಿಂತಿರೂದು ನನ್ನ ಹೊಟ್ಟಿ ಮ್ಯಾಲ. ಹೊತ್ತು ಮುಳುಗೂತನಕ ತಡೀತೀನಿ, ಅಷ್ಟ."

"ಹಗ್ಗ ಕಟ್ಟಿ, ಪವರ್ ಗುಂಡಿ ಒತ್ತಿದ್ರ ಎಲ್ಲಾರೂ ಏಳ್ತಾರಲ್ಲ?"

"ಏಳ್ತಾರ. ಆದ್ರ ಕಿತ್ತ ಹಗ್ಗ ಕಟ್ಟಿದ್ರ ಊರು ಒಮ್ಮೆ ಪೂರಾ ಆರಿ ಆಮ್ಯಾಲ ಏಳತೈತಿ. ಸೇವ್ ಆದದ್ದೆಲ್ಲ ಏಳತೈತಿ, ಆ ವೈರಸ್‌ನೂ ಎದ್ದು ಕೂಡ್ತಾನ. ಆದ್ರ ರಾಣಿ ಮಡಿಲಾಗ ಇದ್ದದ್ದು ಹೋಗತೈತಿ. ಕೂಸಿನ ಹೆಸರು ಸೇವ್ ಮಾಡೀಯೇನು?"

ನಿಂಬವ್ವ ಇಲ್ಲವೆಂದು ತಲೆಯಾಡಿಸಿದಳು.

"ನಮ್ಮ ಊರಾಗ ಹೆಸರು ಉಳೀಲಿಲ್ಲಂದ್ರ ಕೂಸೂ ಉಳಿಯೂದಿಲ್ಲ. ಆ ತೊಟ್ಟಿಲು ಯಾಕ ಕಟ್ಟೀವಿ ಅನ್ನೂದು ಸುದ್ದಾ ಯಾರಿಗೂ ನೆನಪಿರೂದಿಲ್ಲ" ಎಂದ ಯುಪಿಎಸ್, ಮತ್ತೆ ಕೀಂ ಎಂದ.

ಅತ್ತರೆ ಆಗುವ ಕೆಲಸವಲ್ಲ. ನಿಂಬವ್ವ ಸೆರಗು ಸಿಕ್ಕಿಸಿಕೊಂಡು ಅರಮನೆಗೆ ನಡೆದಳು.

ಅರಮನೆಯ ಮುಂದೆ ಕರುವಿನ ಗಾತ್ರದ ಇಲಿಯೊಂದು ಬುಸುಗುಡುತ್ತಿತ್ತು. ಅದರ ಬಾಲ ಕೋಟೆಯ ಈ ತುದಿಯಿಂದ ಆ ತುದಿಗೆ ಚಾಚುವಷ್ಟು ಉದ್ದ. ಅದೇ ಮೌಸ್. ಅದು ಎತ್ತ ಸರಿಯುತ್ತದೋ ಗಾಜಿನ ಗೋಡೆಯ ಮೇಲೆ ಬೆಳಕಿನ ಬಾಣವೊಂದು ಅತ್ತ ಸರಿಯುತ್ತಿತ್ತು. ನಿಂಬವ್ವ ಅದರ ಕತ್ತು ಹಿಡಿದು ಎಳೆದಳು. ಇಲಿ ಕೊಸರಿಕೊಂಡು ಅವಳನ್ನು ಕೆಡವಿತು. ಆಗ ಅವಳು ಕೂಸಿನ ನೆತ್ತಿಗೆ ಎಣ್ಣೆ ಹಚ್ಚುವಾಗ ಇಡುವಂತೆ ಹಗುರವಾಗಿ ಅಂಗೈ ಇಟ್ಟಳು. ಇಲಿ ಮೆತ್ತಗಾಯಿತು. ಗೋಡೆಯ ಮೇಲೆ ಅರಮನೆಯ ಬಾಗಿಲಿನ ಪುಟ್ಟ ಚಿತ್ರವಿತ್ತು. ಬಾಣವನ್ನು ಅದರ ಮೇಲೆ ತಂದು ಇಲಿಯ ಎಡಗಿವಿಯನ್ನು ಒಮ್ಮೆ ಒತ್ತಿದಳು. ಚಿತ್ರ ಮಿನುಗಿತು, ಬಾಗಿಲು ತೆರೆಯಲಿಲ್ಲ. ತಡೆದು ಇನ್ನೊಮ್ಮೆ ಒತ್ತಿದಳು. ಊಹೂಂ. ಕೊನೆಗೆ ಟಕಟಕ ಎಂದು ಬಿಡುವಿಲ್ಲದೆ ಎರಡು ಬಾರಿ ಒತ್ತಿದಳು. ಆನೆ ನುಗ್ಗಿದರೂ ಅಲುಗದ ಬಾಗಿಲು ಗಾಳಿಯಂತೆ ತೆರೆದುಕೊಂಡಿತು.

ಒಳಗೆ ಅಕ್ಷರದ ಅಂಗಳ. ಕೀಬೋರ್ಡ್ ಎಂದರೆ ಅದೇ. ಸಾಲು ಸಾಲು ಚೌಕ ಕಲ್ಲುಗಳು, ಕಲ್ಲಿಗೊಂದು ಅಕ್ಷರ, ಕಾಲಿಟ್ಟ ಕಲ್ಲಿನ ಅಕ್ಷರ ಗಾಜಿನ ಗೋಡೆಯ ಮೇಲೆ ಹೊಳೆಯುತ್ತಿತ್ತು. ಆಚೆ ತುದಿಯಲ್ಲಿ ಮಹಾರಾಜ ಕೂತು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದ. ವೈರಸ್ ಅವನ ಹೆಗಲೇರಿ ಕೂತಿದ್ದ. ಫ್ಯಾನ್ ಪಾಪ, ಭರ್ರೋ ಎಂದು ಬೀಸಿ ಬೀಸಿ ಸುಸ್ತಾಗಿದ್ದ.

ರಾಜನ ಕಿವಿಗೆ ಮಾತು ಮುಟ್ಟಬೇಕಾದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕಲ್ಲುಗಳನ್ನು ಒಟ್ಟಿಗೇ ಒತ್ತಬೇಕೆಂದು ಅಲ್ಲಿನ ಮಕ್ಕಳಿಗೂ ಗೊತ್ತು. ನಿಂಬವ್ವ ಒಂದು ಕಾಲನ್ನು ಕಂಟ್ರೋಲ್ ಮೇಲಿಟ್ಟಳು, ಇನ್ನೊಂದನ್ನು ಆಲ್ಟ್ ಮೇಲಿಟ್ಟಳು. ಡಿಲೀಟ್ ಇದ್ದದ್ದು ಅಂಗಳದ ಬಲತುದಿಯಲ್ಲಿ.

"ಮೂರನೇ ಕಾಲು ಎಲ್ಲಿಂದ ತರ್ತೀ?" ಎಂದು ವೈರಸ್ ನಕ್ಕ.

ಕಂಕುಳಲ್ಲಿದ್ದ ಬುಟ್ಟಿಯ ತಳದಲ್ಲಿ ಗುಗ್ಗರಿ ಉಳಿದಿತ್ತು. ನಿಂಬವ್ವ ಒಂದು ಹಿಡಿ ತೆಗೆದು ಡಿಲೀಟ್ ಕಲ್ಲಿನ ಮೇಲೆ ಬೀಸಿ ಎಸೆದಳು. ಹೊಸ್ತಿಲಲ್ಲಿ ನಿಂತಿದ್ದ ಇಲಿ ಮೂಗು ಅರಳಿಸಿ ಹಾರಿತು, ಧೊಪ್ಪನೆ ಆ ಕಲ್ಲಿನ ಮೇಲೆಯೇ ಬಿತ್ತು.

ಮಹಾರಾಜ ಕಣ್ಣು ತೆರೆದ. "ವೈರಸ್‌ನ ಕೆಲಸವನ್ನು ನಿಲ್ಲಿಸಲೇ? ಒಂದೋ, ಸೊನ್ನೆಯೋ?"

"ಒಂದು, ಮಹಾಸ್ವಾಮಿ."

ಮಾಂತ್ರಿಕ ಹೆಗಲಿನಿಂದ ಉರುಳಿ ಬಿದ್ದು ನೆಲಮಾಳಿಗೆಗೆ ಓಡಿದ. ಉಳಿದಿದ್ದ ಮಿಂಚು ಅರಮನೆಗೇ ಸಾಲದು, ಹಾಗಾಗಿ ಊರು ನಿಂತಂತೆಯೇ ಇತ್ತು. ನಿಂಬವ್ವ ತಡಮಾಡದೆ ಕಂಟ್ರೋಲ್ ಮೇಲೊಂದು, ಎಸ್ ಕಲ್ಲಿನ ಮೇಲೊಂದು ಕಾಲಿಟ್ಟಳು. ರ‍್ಯಾಮ್ ರಾಣಿ ಹೆಸರನ್ನು ಮಡಿಲಲ್ಲಿ ಹೊತ್ತು ಭಂಡಾರಿಯ ಬಳಿಗೆ ಧಾವಿಸಿದಳು. ಇಲಿಯ ಮೇಲೆ ಕೈಯಿಟ್ಟು ನಿಂಬವ್ವನೂ ಹಿಂದೆಯೇ ಇಳಿದಳು.

"ಜಾಗಾ ಇಲ್ಲವ್ವ" ಎಂದ ಮುದಿ ಭಂಡಾರಿ. ಅವನ ತಟ್ಟೆಯ ತುಂಬ ಒಂದೇ ಮುಖ. ವೈರಸ್ ತನ್ನಂಥವರನ್ನೇ ಸಾವಿರ ಸಾವಿರ ಮಾಡಿ ತುಂಬಿದ್ದ.

ನಿಂಬವ್ವ ಇಲಿಯ ಎಡಗಿವಿಯನ್ನು ಒತ್ತಿ ಹಿಡಿದು ಎಳೆದಳು. ಬೆಳಕಿನ ಬಾಣ ಬಲೆಯಾಗಿ ಹರಡಿತು. ಅಷ್ಟೂ ಮುಖಗಳನ್ನು ಬಾಚಿ ಮೂಲೆಯಲ್ಲಿದ್ದ ರಿಸೈಕಲ್ ಬಿನ್ ಎಂಬ ಕಸದ ಬುಟ್ಟಿಗೆ ಸುರಿಯಿತು. ಆದರೂ ತಟ್ಟೆಯಲ್ಲಿ ಜಾಗವಾಗಲಿಲ್ಲ. ಬುಟ್ಟಿಯೂ ಆ ಮನೆಯದೇ ಅಲ್ಲವೇ? ಕಸ ಹೊರಗೆ ಹೋಗುವ ತನಕ ಮನೆಯೊಳಗೇ ಇರುತ್ತದೆ.

ಬುಟ್ಟಿಯಿಂದ ವೈರಸ್ ಇಣುಕಿದ. "ಖಾಲಿ ಮಾಡ್ತೀ ಏನು? ನಿನ್ನ ಅವ್ವ ಸಾಯೂ ಮುಂದ ಹಾಡಿಟ್ಟ ಜೋಗುಳ ಐತಲ್ಲ, ನಾ ಅದಕ್ಕ ಅಂಟಿಕೊಂಡೀನಿ. ನಾ ಹೋದ್ರ ಅದೂ ಹೋಗತೈತಿ. ನಿಂಗ ಅದರ ಒಂದು ಸಾಲೂ ನೆನಪಿರೂದಿಲ್ಲ."

ಅದು ಸುಳ್ಳಲ್ಲ. ಬುಟ್ಟಿಯೊಳಗಿಂದ ಅವ್ವನ ದನಿ ಸಣ್ಣಗೆ ಕೇಳುತ್ತಿತ್ತು. ನಿಂಬವ್ವನ ಕಣ್ಣು ತುಂಬಿತು. ಮೇಲೆ ಯುಪಿಎಸ್‌ನ ಕೂಗು ಒಂದಕ್ಕೊಂದು ಅಂಟಿಕೊಂಡು ಒಂದೇ ಕೂಗಾಗಿತ್ತು.

"ಬುಟ್ಟಿಯನ್ನು ಬರಿದು ಮಾಡಲೇ?" ಮಹಾರಾಜನ ದನಿ ಕೇಳಿಸಿತು. "ಒಂದೋ, ಸೊನ್ನೆಯೋ?"

"ಅವ್ವ ಇದ್ದಿದ್ರ, ಕೂಸು ಬಿಟ್ಟು ನನ್ನ ಹಾಡು ಉಳಿಸಿಕೊ ಅಂತಿರಲಿಲ್ಲ" ಎಂದಳು ನಿಂಬವ್ವ. "ಒಂದು, ಮಹಾಸ್ವಾಮಿ."

ಬುಟ್ಟಿ ಬರಿದಾಯಿತು. ಮಾಂತ್ರಿಕನೂ ಇಲ್ಲ, ಹಾಡೂ ಇಲ್ಲ. ಭಂಡಾರಿ ತನ್ನ ಎಂದಿನ ನಿಧಾನದಲ್ಲಿ ಲೇಖನಿ ಎತ್ತಿದ, ತಟ್ಟೆ ತಿರುಗಿತು, ಅವನು ಬರೆಯತೊಡಗಿದ. ಅಷ್ಟರಲ್ಲಿ ಹೊತ್ತು ಮುಳುಗಿತು. ಯುಪಿಎಸ್‌ನ ಕೂಗು ನಿಂತಿತು. ಗಣಕಾವತಿ ಪೂರ್ತಿ ಕತ್ತಲಾಯಿತು.

ಹೆಸರು ಬರೆದು ಮುಗಿಯಿತೋ ಇಲ್ಲವೋ ನಿಂಬವ್ವನಿಗೆ ತಿಳಿಯಲಿಲ್ಲ. ತಡಕಾಡುತ್ತಾ ಹೊರಗೆ ಬಂದಳು, ಕಿತ್ತು ಬಿದ್ದಿದ್ದ ಮಿಂಚಿನ ಹಗ್ಗವನ್ನು ಗೋಡೆಗೆ ಸಿಕ್ಕಿಸಿದಳು, ಪವರ್ ಗುಂಡಿ ಒತ್ತಿದಳು. ಗಾಜಿನ ಗೋಡೆಯಲ್ಲಿ ಮೊದಲು ಒಂದು ಚುಕ್ಕಿ ಮೂಡಿತು. ಚುಕ್ಕಿ ಗೆರೆಯಾಯಿತು, ಗೆರೆ ಬೆಳಗಾಯಿತು. ಫ್ಯಾನ್ ಒಂದು ಸುತ್ತು ತಿರುಗಿದ. ಭಂಡಾರಿ ಸೇವ್ ಆದದ್ದನ್ನೆಲ್ಲ ಒಂದೊಂದಾಗಿ ಎತ್ತಿ ರಾಣಿಯ ಮಡಿಲಿಗೆ ಕೊಟ್ಟ. ಬೀದಿಗಳು ಎದ್ದವು, ಕೊಳಗಳು ಎದ್ದವು, ಮರಗಳು ಎಲೆ ಸಮೇತ ಎದ್ದವು. ಜನ ಆಕಳಿಸುತ್ತಾ ಎದ್ದರು. ಒಂದು ಇಡೀ ಲೋಕ ಹೀಗೆ ಕತ್ತಲಿನಿಂದ ಎದ್ದು ಬರುವುದನ್ನು ಅದುವರೆಗೆ ಯಾರೂ ಹೊರಗೆ ನಿಂತು ನೋಡಿರಲಿಲ್ಲ. ನಿಂಬವ್ವನಿಗೆ ಮೈ ಜುಮ್ಮೆಂದಿತು.

ಅಣ್ಣನ ಮನೆಯ ಬಾಗಿಲಿಗೆ ಬಂದಳು, ಒಳಗೆ ಹೋಗಲು ಧೈರ್ಯ ಬರಲಿಲ್ಲ. ತೊಟ್ಟಿಲ ಕಡೆ ನೋಡದೆ ಕಂಬ ಹಿಡಿದು ನಿಂತಳು.

"ನಿಂಬವ್ವಾ, ಅಲ್ಲೇನ ನಿಂತೀ?" ಎಂದಳು ಹೊಳೆವ್ವ, ಎಂದಿನ ದನಿಯಲ್ಲಿ. "ಚಿಗುರಿ ಎದ್ದಾಳ. ನಾ ಕೈ ತೊಳ್ಕೊಂಡು ಬರ್ತೀನಿ, ಒಂದೀಟು ತೊಟ್ಟಿಲು ತೂಗು."

ನಿಂಬವ್ವ ಅಲ್ಲೇ ಕುಸಿದು ಕೂತು ಮನಸಾರೆ ಅತ್ತಳು. ಯಾಕೆ ಎಂದು ಅತ್ತಿಗೆಗೆ ತಿಳಿಯಲಿಲ್ಲ. ಆಮೇಲೆ ಗಣಕಾವತಿಯಲ್ಲಿ ಯಾವ ಡಬ್ಬಿಯೂ ಮೂಸಿಸಿಕೊಳ್ಳದೆ ಒಳಗೆ ಬರಲಿಲ್ಲ. ದ್ವಾರಪಾಲಕನಿಗೆ ಹೋಳಿಗೆ ಬಾಗಿಲಿಗೇ ಹೋಗುತ್ತಿತ್ತು. ರಾಜ, ರಾಣಿ, ಪ್ರಜೆಗಳೆಲ್ಲ ಹಾಲು ಅನ್ನ ಉಂಡು ತಂಪಾಗಿದ್ದರು. ನಿಂಬವ್ವ ಅಂದು ತೊಟ್ಟಿಲ ಹಗ್ಗ ಹಿಡಿದು ಅವ್ವನ ಹಾಡಿಗಾಗಿ ಬಹಳ ಹುಡುಕಿದಳು, ಒಂದು ಸಾಲೂ ಬರಲಿಲ್ಲ. ಕೊನೆಗೆ ಅವಳೇ ಒಂದು ಜೋಗುಳ ಕಟ್ಟಿದಳು. ಕೂಸು ಮಲಗಿದ ಮೇಲೆ ಅಕ್ಷರದ ಅಂಗಳಕ್ಕೆ ಹೋಗಿ ಅದನ್ನು ಸೇವ್ ಮಾಡಿ ಬಂದಳು.